ಬೇಸಿಗೆಯ ನಾಡಿನಲ್ಲಿ ಕ್ರಿಸ್ತ ಜಯಂತಿ

ಕ್ರಿಸ್ತ ಜಯಂತಿಯೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಮಾಗಿಯ ಚಳಿ, ಕಂಬಳಿ ಹೊದ್ದು ನಡುರಾತ್ರಿಯ ಬಲಿಪೂಜೆಗೆ ಹೊರಟ ಸಂಸಾರಗಳು, ಗೋದಲಿಯ ಮುಂದಿನ ಮೇಣದ ಬತ್ತಿ. ಆದರೆ ಭೂಗೋಳದ ದಕ್ಷಿಣಾರ್ಧದಲ್ಲಿರುವ ಆಸ್ಟ್ರೇಲಿಯ ದೇಶದಲ್ಲಿ ಇದೇ ಹಬ್ಬ ನಡುಬೇಸಿಗೆಯಲ್ಲಿ ಬರುತ್ತದೆ. ನಮ್ಮ ನಾಡಿನ ಅನೇಕ ಕಥೋಲಿಕ ಕುಟುಂಬಗಳು ಇಂದು ಅಲ್ಲಿ ನೆಲೆಸಿವೆ. ಹಬ್ಬದ ದಿನ ಮಕ್ಕಳು ಮೊಮ್ಮಕ್ಕಳು ಕಡಲತೀರದಲ್ಲಿ ಆಡುತ್ತಿರುವ ಚಿತ್ರಗಳನ್ನು ಕಂಡು, ಭಕ್ತಿ ಬತ್ತಿತೇ ಎಂದು ಇಲ್ಲಿನ ಹಿರಿಯರು ಕಳವಳಪಡುವುದುಂಟು. ಆ ಕಳವಳಕ್ಕೆ ಇತಿಹಾಸ ಏನು ಉತ್ತರ ಕೊಡುತ್ತದೆಂಬುದನ್ನು ವಿಚಾರಿಸೋಣ.

ಇಂಗ್ಲೆಂಡಿನ ಮೊದಲ ಹಡಗುಗಳ ತಂಡ ಸಿಡ್ನಿಯ ಕೊಲ್ಲಿಯಲ್ಲಿ ಲಂಗರು ಹಾಕಿದ್ದು 1788ರ ಜನವರಿ 26ರಂದು. ಬಂದವರಲ್ಲಿ ಬಹುಮಂದಿ ಶಿಕ್ಷೆಗೊಳಗಾದ ಕೈದಿಗಳು. ಅವರಲ್ಲಿ ಕಥೋಲಿಕರೂ ಇದ್ದರು. 1791ರಿಂದ ಐರ್ಲೆಂಡಿನಿಂದ ನೇರವಾಗಿಯೂ ಕೈದಿಗಳು ಬರತೊಡಗಿದರು. ಆದರೆ ಅವರಿಗಾಗಿ ಬಹಿರಂಗವಾಗಿ ಬಲಿಪೂಜೆ ಅರ್ಪಿಸಲು ಸರಕಾರ ಅನುಮತಿ ಕೊಟ್ಟದ್ದು 1803ರಲ್ಲಿ. ಸ್ವತಃ ಕೈದಿಯಾಗಿದ್ದ ಸ್ವಾಮಿ ಜೇಮ್ಸ್ ಡಿಕ್ಸನ್ನರು ಆ ವರ್ಷ ಮೇ 15ರಂದು ಪೂಜೆ ಅರ್ಪಿಸಿದರು. ಮರುವರ್ಷ ಐರಿಷ್ ಕೈದಿಗಳು ದಂಗೆಯೆದ್ದಾಗ ಆ ಅನುಮತಿಯೂ ಹೋಯಿತು. 1817ರಲ್ಲಿ ಬಂದ ಸ್ವಾಮಿ ಒಫ್ಲಿನ್ನರನ್ನು ಮರುವರ್ಷ ಸರಕಾರ ಗಡಿಪಾರು ಮಾಡಿತು. ಅವರು ಬಿಟ್ಟುಹೋದ ಪರಮಪ್ರಸಾದವನ್ನು ವಿಶ್ವಾಸಿಗಳು ಮನೆಯೊಂದರಲ್ಲಿ ಕಾಪಾಡಿ, ಅದರ ಮುಂದೆ ಕೂಡಿ ಪ್ರಾರ್ಥಿಸುತ್ತಿದ್ದರೆಂಬುದು ಆ ನಾಡಿನ ಕಥೋಲಿಕರ ಪರಂಪರಾಗತ ಸ್ಮರಣೆ. 1820ರ ಮೇ ತಿಂಗಳಲ್ಲಿ ಸ್ವಾಮಿ ಥೆರಿ ಮತ್ತು ಸ್ವಾಮಿ ಕೊನೋಲಿ ಬಂದಿಳಿದರು. 1821ರ ಅಕ್ಟೋಬರ್ 29ರಂದು ಸಂತ ಮರಿಯಮ್ಮನವರ ದೇವಾಲಯಕ್ಕೆ ಗವರ್ನರ್ ಮಕ್ವಾರಿಯವರೇ ಅಸ್ತಿಭಾರದ ಕಲ್ಲನ್ನಿಟ್ಟರು. ಹೀಗೆ ಆ ನಾಡಿನಲ್ಲಿ ದೇವಾಲಯಕ್ಕಿಂತ ಮೊದಲು ವಿಶ್ವಾಸವನ್ನು ಕಾಯ್ದದ್ದು ಮನೆ.

ಆದರೆ ಮನೆಯೆಂಬುದು ನಿಲ್ಲಬೇಕಾದರೆ ಸಂಸಾರ ಒಂದೆಡೆ ಇರಬೇಕು. ಇದನ್ನು ಮನಗಂಡವರು ಕೆರೊಲಿನ್ ಚಿಸಮ್ ಎಂಬ ಕಥೋಲಿಕ ಮಹಿಳೆ. ಆಕೆಗೂ ನಮ್ಮ ದಕ್ಷಿಣ ಭಾರತಕ್ಕೂ ನಂಟುಂಟು. ಸೈನ್ಯಾಧಿಕಾರಿಯಾದ ಪತಿಯೊಡನೆ ಮದರಾಸಿನಲ್ಲಿದ್ದಾಗ, ಸೈನಿಕರ ಹೆಣ್ಣುಮಕ್ಕಳಿಗಾಗಿ ಕಸುಬು ಕಲಿಸುವ ಶಾಲೆಯೊಂದನ್ನು ಆಕೆ ನಡೆಸಿದ್ದರು. 1838ರಲ್ಲಿ ಸಿಡ್ನಿ ಸೇರಿ, ದಿಕ್ಕಿಲ್ಲದೆ ಬಂದಿಳಿಯುತ್ತಿದ್ದ ಹೆಣ್ಣುಮಕ್ಕಳಿಗಾಗಿ 1841ರಲ್ಲಿ ಆಶ್ರಯಧಾಮವನ್ನು ತೆರೆದರು. 1846ರೊಳಗೆ ಸುಮಾರು 11,000 ಜನರಿಗೆ ಕೆಲಸ ಮತ್ತು ನೆಲೆ ಒದಗಿಸಿದರೆಂದು ಹೇಳಲಾಗುತ್ತದೆ. ಅನಂತರ ಇಂಗ್ಲೆಂಡಿಗೆ ಹೋಗಿ, ಅಗಲಿದ್ದ ಹೆಂಡತಿ ಮಕ್ಕಳನ್ನು ಗಂಡನ ಬಳಿ ಸೇರಿಸಲು ಸರಕಾರದೊಡನೆ ಹೋರಾಡಿದರು. 1849ರಲ್ಲಿ ಬಡ ಕುಟುಂಬಗಳ ಪ್ರಯಾಣಕ್ಕೆ ಸಾಲ ಕೊಡುವ ಸಂಘವನ್ನು ಸ್ಥಾಪಿಸಿದರು.

ಹೀಗೆ ನೆಲೆನಿಂತ ಸಂಸಾರಗಳು ಹಬ್ಬವನ್ನು ಮೊದಮೊದಲು ಹಳೆಯ ನಾಡಿನ ರೀತಿಯಲ್ಲಿಯೇ ಆಚರಿಸಿದವು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಲೆಯ ಮೇಲೆ ಮಾಂಸ ಬೇಯಬೇಕು, ಹಬೆಯಾಡುವ ಪುಡ್ಡಿಂಗ್ ಮೇಜಿಗೆ ಬರಬೇಕು; ಶುಭಾಶಯ ಪತ್ರದಲ್ಲಿ ಹಿಮ ಸುರಿಯುತ್ತಿರಬೇಕು. ಇದನ್ನು ನೋಡಿ ನಗುವುದು ಸಲ್ಲದು. ತವರನ್ನು ಅಗಲಿದವರಿಗೆ ಅಡಿಗೆಯ ರುಚಿಯೂ ಒಂದು ನೆನಪಿನ ಗೂಡು. ನಮ್ಮವರು ಅಲ್ಲಿ ಕಜ್ಜಾಯ, ಕಲ್ಕಲ ಕರಿಯುವುದೂ ಇದೇ ಕಾರಣದಿಂದ.

ಕಾಲಕ್ರಮದಲ್ಲಿ ಆ ನೆಲವೇ ಹಬ್ಬದೊಳಗೆ ಬಂದಿತು. ಸಿಡ್ನಿಯ ಸುತ್ತಿನ ಕಾಡಿನಲ್ಲಿ ಬಿಳಿ ಹೂ ಬಿಟ್ಟು, ಡಿಸೆಂಬರಿನ ಹೊತ್ತಿಗೆ ಹೂವಿನ ಪುಷ್ಪಪತ್ರಗಳು ಕೆಂಪೇರುವ ಒಂದು ಗಿಡವುಂಟು. ಅದಕ್ಕೆ ಕ್ರಿಸ್ಮಸ್ ಗಿಡವೆಂದೇ ಹೆಸರಾಗಿ, ಅದರ ರೆಂಬೆಗಳು ಮನೆಗಳನ್ನು ಅಲಂಕರಿಸಿದವು. ಬಿಸಿ ಊಟದ ಜಾಗಕ್ಕೆ ತಣ್ಣನೆಯ ಮಾಂಸ, ಸಿಗಡಿ, ಹಣ್ಣುಗಳು ಬಂದವು. ಶಾಲೆಗಳ ದೀರ್ಘ ರಜೆಯೂ ಆಗಲೇ ಬರುವುದರಿಂದ, ಬೆಳಗಿನ ಪೂಜೆ ಮುಗಿಸಿದ ಸಂಸಾರ ಮರದ ನೆರಳಿನಲ್ಲೋ ಕಡಲ ದಂಡೆಯಲ್ಲೋ ಬುತ್ತಿ ಬಿಚ್ಚುವುದು ವಾಡಿಕೆಯಾಯಿತು. ಮರುದಿನ ಮೆಲ್ಬರ್ನಿನಲ್ಲಿ ಆರಂಭವಾಗುವ ಟೆಸ್ಟ್ ಪಂದ್ಯವನ್ನು ನಮ್ಮ ಯುವಕರೂ ಬಲ್ಲರು.

ಹಾಡೂ ಬದಲಾಯಿತು. ರೇಡಿಯೋ ಪ್ರಸಾರಕ ನಾರ್ಮನ್ ಬ್ಯಾಂಕ್ಸ್ 1938ರಲ್ಲಿ ಮೆಲ್ಬರ್ನಿನ ಉದ್ಯಾನವೊಂದರಲ್ಲಿ ಮೇಣದ ಬತ್ತಿಯ ಬೆಳಕಿನ ಕ್ಯಾರಲ್ ಗಾಯನವನ್ನು ಏರ್ಪಡಿಸಿದರು. ಸುಮಾರು 10,000 ಜನ ನೆರೆದರು. ಬಯಲಿನಲ್ಲಿ ಹುಲ್ಲಿನ ಮೇಲೆ ಕುಳಿತು ಹಾಡುವುದು ಬೇಸಿಗೆಯ ರಾತ್ರಿ ಕೊಟ್ಟ ವರ. ಜಾನ್ ವೀಲರರ ಸಾಹಿತ್ಯಕ್ಕೆ ವಿಲಿಯಂ ಜೇಮ್ಸರು ರಾಗ ಹಾಕಿ 1948ರಲ್ಲಿ ಪ್ರಕಟಿಸಿದ ಕ್ಯಾರಲ್‌ಗಳಲ್ಲಿ ಹಿಮದ ಬದಲು ಕೆಂಧೂಳೂ ಅಲ್ಲಿನ ಕ್ರೌಂಚ ಪಕ್ಷಿಗಳ ನರ್ತನವೂ ಬಂದವು.

ಎರಡನೆಯ ಮಹಾಯುದ್ಧದ ಬಳಿಕ ಇಟಲಿ, ಮಾಲ್ಟಾ, ಪೋಲೆಂಡುಗಳ ಕಥೋಲಿಕರು ಅಲ್ಲಿಗೆ ಬಂದರು. ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬಗಳೂ ಹೋದವು. ಬಿಳಿಯರಿಗೆ ಮಾತ್ರ ಮಣೆಹಾಕುವ ನೀತಿಯ ಉಳಿಕೆಗಳು 1973ರಲ್ಲಿ ತೊಲಗಿದ ಮೇಲೆ ಮಂಗಳೂರು, ಗೋವೆಗಳವರಿಗೂ ದಾರಿ ಸುಗಮವಾಯಿತು. ಹೊಸದಾಗಿ ಹೋದವರಿಗೆ ಅಲ್ಲಿ ಅಜ್ಜಿಯಿಲ್ಲ, ಅತ್ತೆ ಮಾವಂದಿರಿಲ್ಲ, ಬಾಗಿಲು ತಟ್ಟುವ ನೆರೆಯವರಿಲ್ಲ. ಆದರೆ ದುಡಿಮೆಯಲ್ಲೇ ವರ್ಷ ಸವೆಸುವ ತಂದೆತಾಯಿಗಳು ಅವಸರವಿಲ್ಲದೆ ಮಕ್ಕಳೊಡನೆ ಕೂರುವುದು ಆ ರಜೆಯಲ್ಲಿಯೇ. ಅಪರಿಚಿತವಾದ ಊರು ತಮ್ಮದಾಗುವುದು ಅಂತಹ ದಿನಗಳಲ್ಲಿ.

ಸಂತ ಅಗಸ್ಟೀನರು ಹಗಲು ಬೆಳೆಯತೊಡಗುವ ಕಾಲದಲ್ಲಿ ಕ್ರಿಸ್ತ ಜಯಂತಿ ಬರುವುದರಲ್ಲಿ ಒಂದು ಅರ್ಥವನ್ನು ಕಂಡು ಬೋಧಿಸಿದ್ದರು. ಆಸ್ಟ್ರೇಲಿಯದಲ್ಲಾದರೋ ಡಿಸೆಂಬರ್ 22ರ ಸುಮಾರಿಗೆ ವರ್ಷದ ಅತಿ ದೀರ್ಘ ಹಗಲು ಕಳೆದು, ಹಬ್ಬದ ಬಳಿಕ ಹಗಲು ಕುಗ್ಗುತ್ತದೆ. ಹೋಲಿಕೆ ತಲೆಕೆಳಗಾದರೂ ಹಬ್ಬ ತಲೆಕೆಳಗಾಗಲಿಲ್ಲ. ಏಕೆಂದರೆ ನಮ್ಮ ವಿಶ್ವಾಸ ನಿಂತಿರುವುದು ಋತುವಿನ ಮೇಲಲ್ಲ, ಮನುಷ್ಯರಾದ ದೇವಪುತ್ರರ ಮೇಲೆ. ಅವರ ಜನನವೂ ಸ್ವಂತ ಮನೆಯಲ್ಲಾಗಲಿಲ್ಲ. ನಜರೇತಿನ ಸಂಸಾರ ಪ್ರಯಾಣದಲ್ಲಿದ್ದಾಗ, ಪರವೂರಿನ ಗೋದಲಿಯಲ್ಲಾಯಿತು.

ಬಲಿಪೂಜೆಯನ್ನು ಮರೆತ ಬಿಡುವು ಬರಿಯ ರಜೆಯೇ ಹೊರತು ಹಬ್ಬವಲ್ಲ. ಆದರೆ ಪೂಜೆಯಿಂದ ಹಿಂದಿರುಗಿ ಕಡಲತೀರದಲ್ಲಿ ಒಟ್ಟಿಗೆ ಉಣ್ಣುವ ಸಂಸಾರ ಹಬ್ಬವನ್ನು ಕಳೆದುಕೊಂಡಿಲ್ಲ, ಹೊಸ ನೆಲದಲ್ಲಿ ನೆಟ್ಟಿದೆ. ಆದುದರಿಂದ ದೂರದ ಮಕ್ಕಳನ್ನು ಚಳಿಯಿದೆಯೇ, ಕಜ್ಜಾಯ ಮಾಡಿದಿರಾ ಎಂದಷ್ಟೇ ಕೇಳದೆ, ಪೂಜೆಗೆ ಕೂಡಿ ಹೋದಿರಾ, ಹೊಸದಾಗಿ ಬಂದ ನೆರೆಯವರನ್ನು ಊಟಕ್ಕೆ ಕರೆದಿರಾ ಎಂದೂ ಕೇಳೋಣ. ಅವರಿಗಾಗಿ ನಮ್ಮ ಗೋದಲಿಯ ಮುಂದೆ ಒಂದು ಬತ್ತಿಯನ್ನು ಹಚ್ಚೋಣ.