ಹಿಮದ ಬಂಡಿಯ ಹಿಂಬದಿಯ ಕಥೆ

ಹಿಮವನ್ನೇ ಕಾಣದ ನಮಗೆ ಸ್ನೋಮೊಬೈಲ್ ಎಂದರೆ ಆಟದ ಬಂಡಿ. ಆದರೆ ಅದರ ಹಿಂದೆ ಒಂದು ಹಳ್ಳಿಯ ಸಂಕಟವಿದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಪುಟ್ಟ ಮಗನಿಗೆ ಅಪೆಂಡಿಸೈಟಿಸ್ ಆಯಿತು. ರಸ್ತೆ ತುಂಬ ಹಿಮ. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಬಂಡಿಗಾಗಿ ಮೊದಲಿನಿಂದಲೂ ಪ್ರಯೋಗ ಮಾಡುತ್ತಿದ್ದ ಅವರು 1937ರಲ್ಲಿ ಹಲ್ಲುಚಕ್ರ ಮತ್ತು ಸುತ್ತುವ ಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ಪಡೆದರು. 1959ರಲ್ಲಿ ಅವರ ಕಂಪನಿಯ ಚಿಕ್ಕ ಬಂಡಿ ಸ್ಕಿ-ಡೂ ಬಂತು.

ಇಂದಿನ ಸ್ನೋಮೊಬೈಲ್‌ಗೆ ಮುಂದೆ ಎರಡು ಸ್ಕೀ, ಹಿಂದೆ ಹಿಟಾಚಿಯ ಚೈನಿನಂತೆ ಸುತ್ತುವ ಒಂದು ರಬ್ಬರ್ ಪಟ್ಟಿ. ಪಟ್ಟಿಯೊಳಗೇ ಹಿಂದಿನ ಸಸ್ಪೆನ್ಷನ್. ಮೊದಲು ಅಲ್ಲಿ ಸಣ್ಣ ಗಾಲಿಗಳ ಸಾಲಿತ್ತು. ಮುಂದೆ ಪಟ್ಟಿ ಜಾರುವ ಹಳಿಗಳು ಬಂದವು. ಬೆಟ್ಟ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲಿದರೆ ಪಟ್ಟಿ ಹಿಮವನ್ನು ತೋಡಿ ಹೂತುಹೋಗುತ್ತದೆ. ಅದಕ್ಕೇ ಕೆಲವು ಸವಾರರು ಕಂಪನಿ ಕೊಟ್ಟ ಸಸ್ಪೆನ್ಷನ್ ಬಿಚ್ಚಿ, ಹೊರಗಿನವರು ಮಾಡಿದ್ದನ್ನು ಕೂರಿಸತೊಡಗಿದರು. ಅಮೆರಿಕದ ಐಡಹೊದ ಟಿಂಬರ್‌ಸ್ಲೆಡ್ ಅಂಥದ್ದನ್ನು ತಯಾರಿಸುತ್ತಿತ್ತು. 2015ರಲ್ಲಿ ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿಯೇ ಅದನ್ನು ಕೊಂಡುಕೊಂಡಿತು.

ಹಳ್ಳಿಯ ಗ್ಯಾರೇಜಿನಲ್ಲಿ ರೂಪುಗೊಂಡ ಬಂಡಿಯನ್ನು ತಿದ್ದುವುದರಲ್ಲಿ ಸಣ್ಣ ವರ್ಕ್‌ಶಾಪುಗಳ ಕೈಯೂ ಇದೆ ಎಂಬುದನ್ನು ನಾವು ಮರೆಯಬಾರದು.