ಅಲೆಕ್ಸ್ ಲೆಮನೇಡ್ ಸ್ಟ್ಯಾಂಡ್ ಪ್ರತಿಷ್ಠಾನ
ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಅಮೆರಿಕದ ಸಂಸ್ಥೆ. ಇದರ ಮೂಲ ಅಲೆಕ್ಸಾಂಡ್ರಾ ಸ್ಕಾಟ್ (1996–2004) ಎಂಬ ಬಾಲಕಿ. ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಆಕೆಗೆ ವರ್ಷ ತುಂಬುವ ಮೊದಲೇ ನ್ಯೂರೋಬ್ಲಾಸ್ಟೋಮಾ ಇರುವುದು ಪತ್ತೆಯಾಯಿತು. ಎಳೆಯ ನರಕೋಶಗಳಲ್ಲಿ ಹುಟ್ಟುವ ಈ ಗಡ್ಡೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಐದು ವರ್ಷದೊಳಗಿನ ಮಕ್ಕಳಲ್ಲಿ.

2000ರಲ್ಲಿ, ನಾಲ್ಕರ ವಯಸ್ಸಿನಲ್ಲಿ, ಆಕೆ ಅಣ್ಣನ ನೆರವಿನಿಂದ ಮನೆಯಂಗಳದಲ್ಲಿ ನಿಂಬೆ ಶರಬತ್ತು ಮಾರಿ 2,000 ಡಾಲರ್‌ಗೂ ಹೆಚ್ಚು ಗಳಿಸಿದಳು. ಬೇರೆ ಮಕ್ಕಳಿಗೂ ವೈದ್ಯರು ನೆರವಾಗಲೆಂಬುದು ಆಕೆಯ ಆಸೆ. ಕುಟುಂಬ ಫಿಲಡೆಲ್ಫಿಯಾದ ಆಸುಪಾಸಿಗೆ ಬಂದ ಮೇಲೂ ಪ್ರತಿ ವರ್ಷ ಅಂಗಡಿ ಹೂಡಿದಳು. 2004ರ ಜೂನ್‌ನಲ್ಲಿ ದೇಶದ ಎಲ್ಲ 50 ರಾಜ್ಯಗಳಲ್ಲೂ ಇಂಥ ಅಂಗಡಿಗಳು ತೆರೆದವು. ಆಗಸ್ಟ್ 1ರಂದು ಆಕೆ ತೀರಿಕೊಳ್ಳುವ ಹೊತ್ತಿಗೆ ಒಟ್ಟು ಸಂಗ್ರಹ 10 ಲಕ್ಷ ಡಾಲರ್ ಮುಟ್ಟಿತ್ತು.

ಪ್ರತಿಷ್ಠಾನವನ್ನು 2005ರಲ್ಲಿ ಕಟ್ಟಿದವರು ತಂದೆ ಜೇ, ತಾಯಿ ಲಿಜ್. ಅದೇ ವರ್ಷ ಅಫ್ಲೀಟ್ ಅಲೆಕ್ಸ್ ಎಂಬ ಕುದುರೆಯ ಮಾಲೀಕರು ರೇಸಿನ ಗೆಲುವಿನ ಹಣದಲ್ಲಿ ಪಾಲು ಕೊಟ್ಟದ್ದರಿಂದ ಹೆಸರು ಇನ್ನಷ್ಟು ಹರಡಿತು. ಆದರೂ ಇದರ ನಿಜವಾದ ಬಲ ಬೀದಿಬೀದಿಗಳಲ್ಲಿ ಲೋಟ ಹಿಡಿದು ನಿಂತ ಮಕ್ಕಳೇ. ಮಕ್ಕಳ ಕ್ಯಾನ್ಸರ್‌ಗೆ ರೋಗಿಗಳ ಸಂಖ್ಯೆ ಕಡಿಮೆಯೆಂದು ಔಷಧ ಕಂಪನಿಗಳು ಹಣ ಹೂಡಲು ಹಿಂಜರಿಯುವುದರಿಂದ, ಹೀಗೆ ಕೂಡಿದ ಹಣ ಸಂಶೋಧಕರಿಗೆ ಅತ್ಯಮೂಲ್ಯ. ಚಿಕಿತ್ಸೆಗಾಗಿ ದೂರದೂರಿಗೆ ಹೋಗಬೇಕಾದ ಕುಟುಂಬಗಳ ಪ್ರಯಾಣದ ಖರ್ಚಿಗೂ ಸಂಸ್ಥೆ ನೆರವಾಗುತ್ತದೆ.