ಸಕಲ ಆತ್ಮರ ದಿನದ ಕಾಳಗ

ನವೆಂಬರ್ 2ರಂದು ನಾವು ಸಮಾಧಿಭೂಮಿಗೆ ಹೋಗಿ, ಅಗಲಿದವರನ್ನು ಹೆಸರು ಹಿಡಿದು ನೆನೆಯುತ್ತೇವೆ. 1944ರಲ್ಲಿ ಅದೇ ದಿನ ಬೆಳಿಗ್ಗೆ, ಜರ್ಮನಿಯ ಪಶ್ಚಿಮ ಗಡಿಯ ಹ್ಯುರ್ಟ್‌ಗೆನ್ ಕಾಡಿನಲ್ಲಿ ಅಮೆರಿಕದ 28ನೇ ಪದಾತಿ ಡಿವಿಷನ್ ದಾಳಿಗೆ ಹೊರಟಿತು. ಜರ್ಮನರು ಅದನ್ನು 'ಸಕಲ ಆತ್ಮರ ಕಾಳಗ' ಎಂದೇ ಕರೆದರು. ಯುದ್ಧದ ಇತಿಹಾಸ ಸೇನಾಪತಿಗಳ ಹೆಸರನ್ನು ಮರೆಯುವುದಿಲ್ಲ. ಆದರೆ ಅಂದು ಕೆಸರಿನಲ್ಲಿ ನಡೆದುಹೋದ ಸಾಮಾನ್ಯ ಕಾಲಾಳು ಯಾರು? ಅವನ ಸೇವೆ ಎಂಥದ್ದು?

ಅವನಂಥವರಲ್ಲಿ ಬಹುಪಾಲು ಜನ 1940ರ ಸೆಪ್ಟೆಂಬರಿನ ಕಡ್ಡಾಯ ಸೇನಾಭರ್ತಿ ಕಾನೂನಿನಂತೆ ಕರೆಬಂದು ಬಂದವರು. ರೈತನ ಮಗ, ಗಣಿ ಕೆಲಸದವನು, ಅಂಗಡಿಯ ಗುಮಾಸ್ತ. ಸಂಬಳ ತಿಂಗಳಿಗೆ 50 ಡಾಲರ್. ಕೈಯಲ್ಲಿ 4 ಕಿಲೋಗೂ ಹೆಚ್ಚು ತೂಕದ, 8 ಗುಂಡುಗಳ ಬಂದೂಕು. ಕೊರಳಲ್ಲಿ ಎರಡು ಲೋಹದ ಬಿಲ್ಲೆಗಳು. ಅವುಗಳ ಮೇಲೆ ಅವನ ಹೆಸರು, ಸಂಖ್ಯೆ, ರಕ್ತದ ಗುಂಪು, ಮತ್ತು ಧರ್ಮವನ್ನು ಸೂಚಿಸುವ ಒಂದೇ ಒಂದು ಅಕ್ಷರ. ಕಥೋಲಿಕನಾದರೆ 'ಸಿ'. ಸತ್ತರೆ ಒಂದು ಬಿಲ್ಲೆ ಶವದೊಡನೆ ಉಳಿಯಬೇಕು, ಇನ್ನೊಂದು ಸಮಾಧಿಯ ಗುರುತಾಗಬೇಕು.

28ನೇ ಡಿವಿಷನ್ ಮೂಲತಃ ಪೆನ್ಸಿಲ್ವೇನಿಯ ರಾಜ್ಯದ್ದು. 1944ರ ಆಗಸ್ಟ್ 29ರಂದು ವಿಮೋಚನೆಗೊಂಡ ಪ್ಯಾರಿಸ್ ನಗರದಲ್ಲಿ ಜನರ ಹರ್ಷೋದ್ಗಾರದ ನಡುವೆ ಅದು ಮೆರವಣಿಗೆ ನಡೆಸಿತ್ತು. ಆದರೆ ಶರತ್ಕಾಲ ಬರುವಷ್ಟರಲ್ಲಿ ಊರಿನಿಂದ ಒಟ್ಟಿಗೆ ಬಂದಿದ್ದ ಅನೇಕರು ಸತ್ತಿದ್ದರು, ಗಾಯಗೊಂಡಿದ್ದರು. ಅವರ ಜಾಗಕ್ಕೆ 'ಬದಲಿ ಸೈನಿಕರು' ಬಂದರು. ಅಮೆರಿಕದ ಸೇನೆ ದಣಿದ ಡಿವಿಷನ್ನನ್ನು ಪೂರ್ತಿಯಾಗಿ ಹಿಂದಕ್ಕೆ ಕರೆಸುವುದಕ್ಕಿಂತ ಹೆಚ್ಚಾಗಿ, ಬಿದ್ದವನ ಸ್ಥಾನಕ್ಕೆ ಒಬ್ಬೊಬ್ಬನನ್ನೇ ಕಳುಹಿಸುತ್ತಿತ್ತು. ಯಂತ್ರದ ಸವೆದ ಭಾಗವನ್ನು ಬದಲಿಸಿದ ಹಾಗೆ! ಕತ್ತಲಲ್ಲಿ ತಂಡವನ್ನು ಸೇರಿದ ಹುಡುಗ, ಪಕ್ಕದವನ ಹೆಸರು ತಿಳಿಯುವ ಮೊದಲೇ ಸಾಯುವುದೂ ಇತ್ತು.

ಕಾಡಿನಲ್ಲಿ ಅವನಿಗೆ ಕಾದಿದ್ದುದೇನು? ಫಿರಂಗಿಯ ಗುಂಡುಗಳು ಮರದ ತುದಿಗೆ ಬಡಿದು ಸಿಡಿಯುತ್ತಿದ್ದವು. ಕಬ್ಬಿಣದ ಚೂರುಗಳೂ ಮರದ ಸಿಬಿರುಗಳೂ ಮೇಲಿನಿಂದ ಸುರಿಯುತ್ತಿದ್ದವು. ತರಬೇತಿಯಲ್ಲಿ ಕಲಿತಂತೆ ನೆಲಕ್ಕೆ ಮಲಗಿದರೆ ಅಪಾಯವೇ ಹೆಚ್ಚು. ಮರದ ಕಾಂಡವನ್ನು ಅಪ್ಪಿ ನಿಂತರೆ ಬದುಕುವ ಆಸೆ. ಕಾಲ್ ಎಂಬ ಕಣಿವೆಯ ಕಿರಿದಾದ, ಕಡಿದಾದ ದಾರಿಯನ್ನೇ ಮೇಲಧಿಕಾರಿಗಳು ಮುಖ್ಯ ಸರಬರಾಜು ಮಾರ್ಗವನ್ನಾಗಿ ಆರಿಸಿದ್ದರು. ಟ್ಯಾಂಕುಗಳು ಅಲ್ಲಿ ಸಿಕ್ಕಿಕೊಂಡವು. ನವೆಂಬರ್ 3ರಂದು ಕಾಲಾಳುಗಳು ಷ್ಮಿಟ್ ಎಂಬ ಹಳ್ಳಿಯನ್ನು ಹಿಡಿದರು. ಮರುದಿನವೇ ಜರ್ಮನ್ ಟ್ಯಾಂಕುಗಳು ಅವರನ್ನು ಹೊರದಬ್ಬಿದವು. ಈ ಕಾಳಗ ಮುಗಿಯುವಷ್ಟರಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಸಿಕ್ಕವರು, ಕಾಯಿಲೆ ಬಿದ್ದವರು ಎಲ್ಲ ಸೇರಿ 6 ಸಾವಿರಕ್ಕೂ ಹೆಚ್ಚು.

ಗುಂಡಿನಷ್ಟೇ ಕ್ರೂರವಾದದ್ದು ಚಳಿ ಮತ್ತು ತೇವ. ದಿನಗಟ್ಟಲೆ ನೆನೆದ ಬೂಟಿನೊಳಗೆ ಪಾದಗಳು ಬಾತು, ಮರಗಟ್ಟಿ, ಕೊಳೆಯುತ್ತಿದ್ದವು. ಆ ಚಳಿಗಾಲದಲ್ಲಿ ಹತ್ತಾರು ಸಾವಿರ ಅಮೆರಿಕನ್ ಸೈನಿಕರು ಈ ಕಾರಣಕ್ಕೆ ಆಸ್ಪತ್ರೆ ಸೇರಿದರು. ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ. ಊಟದೊಡನೆ ಒಣಗಿದ ಕಾಲುಚೀಲ ಕಳುಹಿಸುವುದು. ಇಬ್ಬಿಬ್ಬರು ಜೊತೆಯಾಗಿ ಒಬ್ಬನ ಪಾದವನ್ನು ಇನ್ನೊಬ್ಬ ಕೈಗೆತ್ತಿಕೊಂಡು ಉಜ್ಜುವುದು.

ಇಂಥಲ್ಲಿ ಅವನನ್ನು ನಿಲ್ಲಿಸಿದ್ದು ಯಾವುದು? ಶತ್ರುದ್ವೇಷವೇ? ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞರ ನೇತೃತ್ವದಲ್ಲಿ ಯುದ್ಧಕಾಲದಲ್ಲಿ ಸೈನಿಕರನ್ನೇ ಪ್ರಶ್ನಿಸಿ ನಡೆಸಿದ ಸಮೀಕ್ಷೆಗಳು 1949ರಲ್ಲಿ ಗ್ರಂಥರೂಪದಲ್ಲಿ ಬಂದವು. ಕಷ್ಟದ ಗಳಿಗೆಯಲ್ಲಿ ನೆರವಾದದ್ದು ಯಾವುದೆಂದು ಕೇಳಿದಾಗ, ಹೆಚ್ಚಿನ ಕಾಲಾಳುಗಳು ಹೇಳಿದ್ದು ಎರಡು ಮಾತು: ಪ್ರಾರ್ಥನೆ, ಮತ್ತು ಜೊತೆಗಾರರನ್ನು ಕೈಬಿಡಬಾರದೆಂಬ ಯೋಚನೆ. ದ್ವೇಷವನ್ನು ಹೆಸರಿಸಿದವರು ಅವರಿಗಿಂತ ಬಹಳ ಕಡಿಮೆ.

ಹಾಗೆಂದು ಎಲ್ಲರೂ ತಾಳಿಕೊಂಡರೆಂದು ಹೇಳಲಾಗದು. ಇದೇ ಡಿವಿಷನ್ನಿಗೆ ಬದಲಿಯಾಗಿ ಬಂದ ಎಡ್ಡಿ ಸ್ಲೊವಿಕ್, ತನ್ನಿಂದ ಮುಂಚೂಣಿಯಲ್ಲಿ ಹೋರಾಡಲಾಗದೆಂದು ಬರೆದುಕೊಟ್ಟು ದಳ ತೊರೆದಿದ್ದ. ನವೆಂಬರ್ 11ರಂದು ಅವನ ವಿಚಾರಣೆ ನಡೆಯಿತು. 1945ರ ಜನವರಿ 31ರಂದು ಅವನನ್ನು ಗುಂಡಿಟ್ಟು ಕೊಂದರು. ಆ ಯುದ್ಧದಲ್ಲಿ ಸೇನೆ ತೊರೆದ ಅಪರಾಧಕ್ಕೆ ಮರಣದಂಡನೆ ಅನುಭವಿಸಿದ ಏಕೈಕ ಅಮೆರಿಕನ್ ಅವನು. ಭಯಪಟ್ಟವನಿಗೂ ನಮ್ಮ ನೆನಪಿನಲ್ಲಿ ಸ್ಥಳವಿರಬೇಡವೇ?

ಅದೇ ವಾರ, ಅದೇ ಕಾಡಿನಲ್ಲಿ ಇನ್ನೊಂದು ಘಟನೆಯೂ ನಡೆಯಿತು. ನವೆಂಬರ್ 7ರಿಂದ 12ರ ನಡುವೆ ಗುಂಟರ್ ಷ್ಟ್ಯೂಟ್‌ಗೆನ್ ಎಂಬ ಜರ್ಮನ್ ಸೇನಾವೈದ್ಯರು ಕಾಲ್ ಹೊಳೆಯ ಸೇತುವೆಯ ಬಳಿ ಅಮೆರಿಕನ್ನರೊಡನೆ ಮಾತಾಡಿ, ಆಗಾಗ ಕದನವಿರಾಮ ಏರ್ಪಡಿಸಿದರು. ಎರಡೂ ಕಡೆಯ ಗಾಯಾಳುಗಳನ್ನು ಹೊತ್ತು ತರಲಾಯಿತು, ಎರಡೂ ಕಡೆಯವರಿಗೆ ಚಿಕಿತ್ಸೆ ದೊರೆಯಿತು. ಆ ಸೇತುವೆಯ ಬಳಿ 2004ರಲ್ಲಿ ಇದರ ನೆನಪಿಗೆ ಸ್ಮಾರಕಶಿಲ್ಪವೊಂದನ್ನು ನಿಲ್ಲಿಸಲಾಯಿತು.

ಉಳಿದವರಿಗೆ ವಿಶ್ರಾಂತಿ ಬೇಕೆಂದು ಡಿವಿಷನ್ನನ್ನು ಶಾಂತವಾಗಿದ್ದ ಲಕ್ಸೆಂಬರ್ಗ್ ಗಡಿಗೆ ಕಳುಹಿಸಿದರು. ಡಿಸೆಂಬರ್ 16ರಂದು ಜರ್ಮನರ ಮಹಾದಾಳಿ ಎರಗಿದ್ದೂ ಅಲ್ಲಿಯೇ.

ಯೂರೋಪಿನ ಅಮೆರಿಕನ್ ಸೈನಿಕ ಸ್ಮಶಾನಗಳಲ್ಲಿ ದಂಡನಾಯಕನಿಗೂ ಕಾಲಾಳುವಿಗೂ ಒಂದೇ ಅಳತೆಯ ಬಿಳಿ ಅಮೃತಶಿಲೆ. ಸೇನೆಯ ಲೆಕ್ಕದಲ್ಲಿ ಅವನು ಒಂದು ಸಂಖ್ಯೆ, ಒಬ್ಬ ಬದಲಿ. ಆದರೆ ತಾಯಿಗೆ ಅವನ ಬದಲಿಗೆ ಇನ್ನೊಬ್ಬನಿರಲಿಲ್ಲ. ಅಗಲಿದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆಯುವ ನಾವು ಇದನ್ನು ಬಲ್ಲೆವು.